ಪಥ್ಯದ ಎರಡು ವಾರ

ದೇಸಾಯರ ವಾಡೆಯಿಂದ ಹೆಸರಾದ ಊರು ಚಚಡಿ. ಸವದತ್ತಿ ಸೀಮೆಯ ಈ ಊರಿನ ಶಾಲೆಯೊಂದರಲ್ಲಿ ನೀವು ವಿಜ್ಞಾನ ಶಿಕ್ಷಕರು ಎಂದು ಊಹಿಸಿಕೊಳ್ಳಿ. ನಿಮ್ಮ ಸಹೋದ್ಯೋಗಿಯೊಬ್ಬರ ಅಕ್ಕನಿಗೆ ಬೆಳಗಾವಿಯಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ನಡೆಯಬೇಕಾಗಿದೆ. ಅವರ ತೂಕ 118 ಕಿಲೋಗ್ರಾಂ. ಜೊತೆಗೆ ಸಕ್ಕರೆ ಕಾಯಿಲೆ ಮತ್ತು ಮೊಣಕಾಲು ನೋವು. ವೈದ್ಯರು ದಿನಾಂಕ ಗೊತ್ತುಮಾಡಿ ಒಂದು ಹಾಳೆಯನ್ನೂ ಕೊಟ್ಟಿದ್ದಾರೆ. ಶಸ್ತ್ರಚಿಕಿತ್ಸೆಗೆ ಮುಂಚಿನ 14 ದಿನ ರೊಟ್ಟಿ, ಅನ್ನ, ಸಕ್ಕರೆ, ಎಣ್ಣೆ, ಶೇಂಗಾ ಯಾವುದೂ ಇಲ್ಲ. ದಿನದ ಆಹಾರ 800 ಕಿಲೋಕ್ಯಾಲರಿ ಮೀರಬಾರದು ಎಂದು ಅದರಲ್ಲಿದೆ.

ಮನೆಯವರು ನಿಮ್ಮನ್ನು ಕೇಳುತ್ತಾರೆ: "ಸರ, ತೂಕ ಇಳಸಾಕಂತನ ಆಪರೇಶನ್ ಮಾಡೂದು. ಮತ್ತ ಅದಕ್ಕಿಂತ ಮೊದಲ ಈ ಉಪಾಸ ಯಾಕ?"

ಪ್ರಶ್ನೆ ನ್ಯಾಯವಾದದ್ದೇ. ಹಾಳೆಯಲ್ಲಿ ಏನು ತಿನ್ನಬಾರದು ಎಂದು ಬರೆದಿರುತ್ತದೆ. ಯಾಕೆ ಎಂಬುದು ಅನೇಕ ವೇಳೆ ಇರುವುದಿಲ್ಲ. ಆಗ ಮನೆಯವರು ತಮಗೆ ತೋಚಿದ ಕಾರಣ ಕಲ್ಪಿಸಿಕೊಳ್ಳುತ್ತಾರೆ. ಇದು ರೋಗಿಯ ಮನೋಬಲದ ಪರೀಕ್ಷೆ ಎನ್ನುವವರುಂಟು. ಇಷ್ಟು ದಿನ ತಿಂದದ್ದಕ್ಕೆ ಪ್ರಾಯಶ್ಚಿತ್ತ ಎನ್ನುವವರೂ ಉಂಟು. ಎರಡೂ ಸರಿಯಲ್ಲ. ಈ ಪಥ್ಯದ ಮುಖ್ಯ ಉದ್ದೇಶ ಜಠರದ ಮೇಲೆ ಚಾಚಿಕೊಂಡಿರುವ ಯಕೃತ್ತನ್ನು ಕುಗ್ಗಿಸುವುದು. ಈ ಸರಳ ಉತ್ತರ ದೊರೆಯಲು ವೈದ್ಯವಿಜ್ಞಾನ ಬಹಳ ದೂರ ನಡೆಯಬೇಕಾಯಿತು. ಆ ದಾರಿಯನ್ನು ನೋಡೋಣ. ಪಥ್ಯ ಹೇಳುವುದಕ್ಕೂ ಪಥ್ಯ ನಡೆಸಲು ನೆರವಾಗುವುದಕ್ಕೂ ಇರುವ ಅಂತರವನ್ನು ಆ ದಾರಿಯೇ ತೋರಿಸಿಕೊಡುತ್ತದೆ.

ನಿಂದೆ ಮತ್ತು ಪಥ್ಯ

ಚರಕ ಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದ ಹೆಸರು 'ಅಷ್ಟೌನಿಂದಿತೀಯ'. ಜನರ ನಿಂದೆಗೆ ಒಳಗಾಗುವ ಎಂಟು ಬಗೆಯ ಶರೀರಗಳನ್ನು ಅದು ಪಟ್ಟಿಮಾಡುತ್ತದೆ. ತೀರ ಎತ್ತರದವರು, ತೀರ ಗಿಡ್ಡನೆಯವರು, ಮೈತುಂಬ ಕೂದಲಿರುವವರು, ಕೂದಲೇ ಇಲ್ಲದವರು, ತೀರ ಕಪ್ಪು, ತೀರ ಬಿಳುಪು, ಅತಿಸ್ಥೂಲ, ಅತಿಕೃಶ. ಈ ಎಂಟರಲ್ಲಿ ಕೊನೆಯ ಎರಡನ್ನು ಮಾತ್ರ ಆಯ್ದುಕೊಂಡು ಗ್ರಂಥ ಚಿಕಿತ್ಸೆಯನ್ನು ಹೇಳುತ್ತದೆ.

ಸ್ಥೂಲರಿಗೆ ಅದು ಹೇಳುವ ಆಹಾರತತ್ತ್ವ ಗಮನಾರ್ಹ. ಆಹಾರ ಜೀರ್ಣವಾಗಲು ಭಾರವಾಗಿರಬೇಕು, ಆದರೆ ಮೈ ಬೆಳೆಸಬಾರದು. ಬಾರ್ಲಿ, ನವಣೆ, ಸಾಮೆ, ಹೆಸರು, ಹುರುಳಿ, ತೊಗರಿ ಆ ಪಟ್ಟಿಯಲ್ಲಿವೆ. ಸ್ಥೂಲ ವ್ಯಕ್ತಿಗೆ ಹಸಿವು ಹೆಚ್ಚಾಗುವುದು ದೇಹದೊಳಗಿನ ಕಾರಣದಿಂದ ಎಂದೂ ಗ್ರಂಥ ಹೇಳುತ್ತದೆ. ವಾಯುವಿನ ದಾರಿಯನ್ನು ಮೇದಸ್ಸು ತಡೆದು, ವಾಯು ಜಠರಾಗ್ನಿಯನ್ನು ಕೆರಳಿಸುತ್ತದೆ ಎಂಬ ಅದರ ವಿವರಣೆಯನ್ನು ಇಂದು ನಾವು ಒಪ್ಪುವುದಿಲ್ಲ. ಆದರೆ ಹಸಿವನ್ನು ಗುಣದೋಷವೆಂದು ಕರೆಯದೆ ಶರೀರದ ವ್ಯಾಪಾರವೆಂದು ನೋಡಿದ್ದು ದೊಡ್ಡ ಮಾತು.

1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ತನ್ನ ಬೊಜ್ಜಿನ ಕಥೆಯನ್ನು ಒಂದು ಕಿರುಹೊತ್ತಿಗೆಯಾಗಿ ಅಚ್ಚುಹಾಕಿಸಿದ. ಶವಸಂಸ್ಕಾರದ ವ್ಯವಸ್ಥೆ ಮಾಡುವುದು ಅವನ ವೃತ್ತಿ. ವೈದ್ಯ ವಿಲಿಯಂ ಹಾರ್ವೆಯ ಸಲಹೆಯಂತೆ ಬ್ರೆಡ್, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಟ್ಟು ಅವನು ತೂಕ ಇಳಿಸಿದ್ದ. ಜನ ತನ್ನನ್ನು ಅಣಕಿಸುತ್ತಿದ್ದುದನ್ನೂ ಅದರಲ್ಲಿ ಬರೆದಿದ್ದಾನೆ. ಆ ಪುಸ್ತಕ ಎಷ್ಟು ಜನಪ್ರಿಯವಾಯಿತೆಂದರೆ ಇಂಗ್ಲಿಷಿನಲ್ಲಿ ಪಥ್ಯ ಮಾಡುವುದಕ್ಕೆ ಅವನ ಹೆಸರೇ ಕ್ರಿಯಾಪದವಾಯಿತು.

20ನೆಯ ಶತಮಾನದಲ್ಲಿ ಪಥ್ಯ ಪ್ರಯೋಗಾಲಯಕ್ಕೆ ಬಂದಿತು. 1915ರಲ್ಲಿ ಅಮೆರಿಕದ ಫೋಲಿನ್ ಮತ್ತು ಡೆನಿಸ್, ಉಪವಾಸವಿದ್ದ ಸ್ಥೂಲಕಾಯರ ದೇಹದಲ್ಲಿ ಆಮ್ಲಗಳು ಶೇಖರವಾಗುವುದನ್ನು ಅಧ್ಯಯನ ಮಾಡಿದರು. 1929ರ ಹೊತ್ತಿಗೆ ಪಿಟ್ಸ್‌ಬರ್ಗಿನ ಎವಾನ್ಸ್ ಮತ್ತು ಸ್ಟ್ರ್ಯಾಂಗ್ ದಿನಕ್ಕೆ ಸುಮಾರು 400 ಕಿಲೋಕ್ಯಾಲರಿಯ ಆಹಾರವನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಇಂದು 'ಅತಿ ಕಡಿಮೆ ಕ್ಯಾಲರಿ ಆಹಾರ' ಎಂದು ಕರೆಯುವ ಪದ್ಧತಿಯ ಬೇರು ಇಲ್ಲಿದೆ.

ಒಂದೇ ವಿಶ್ವವಿದ್ಯಾಲಯ, ಎರಡು ಪ್ರಯೋಗ

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷಗಳ ಅಂತರದಲ್ಲಿ ಎರಡು ಕೆಲಸಗಳು ನಡೆದವು. ಒಂದು ಹಸಿವಿಗೆ ಸಂಬಂಧಿಸಿದ್ದು, ಇನ್ನೊಂದು ಬೊಜ್ಜಿಗೆ.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಯೂರೋಪಿನ ಲಕ್ಷಾಂತರ ಜನ ಹಸಿದಿದ್ದರು. ಅವರನ್ನು ಹೇಗೆ ಚೇತರಿಸಿಕೊಳ್ಳುವಂತೆ ಮಾಡಬೇಕೆಂದು ತಿಳಿಯಲು ಆನ್ಸೆಲ್ ಕೀಸ್ 1944-45ರಲ್ಲಿ 36 ಆರೋಗ್ಯವಂತ ಯುವಕರ ಮೇಲೆ ಪ್ರಯೋಗ ನಡೆಸಿದರು. ಯುದ್ಧಕ್ಕೆ ಹೋಗಲು ಮನಸ್ಸೊಪ್ಪದ ಇವರು ತಾವಾಗಿಯೇ ಮುಂದೆ ಬಂದವರು. 24 ವಾರ ಅವರಿಗೆ ದಿನಕ್ಕೆ ಸುಮಾರು 1,570 ಕಿಲೋಕ್ಯಾಲರಿ ಆಹಾರ. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಜೊತೆಗೆ ಮನಸ್ಸೂ ಬದಲಾಯಿತು. ಅವರು ತಟ್ಟೆ ನೆಕ್ಕಿದರು. ಅಡುಗೆ ಪುಸ್ತಕಗಳನ್ನು ಕೂಡಿಹಾಕಿ ಓದಿದರು. ಸಣ್ಣ ಮಾತಿಗೂ ಸಿಡುಕಿದರು, ಮಂಕಾದರು. ಶಿಸ್ತಿನಲ್ಲಿ ಯಾರಿಗೂ ಕಡಿಮೆಯಿಲ್ಲದ ಯುವಕರಿಗೇ ಹೀಗಾಯಿತು. ಆಹಾರ ಕಡಿಮೆಯಾದಾಗ ಮನಸ್ಸು ಆಹಾರದ ಸುತ್ತಲೇ ಸುತ್ತುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಚಪಲವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

1954ರಲ್ಲಿ ಅದೇ ವಿಶ್ವವಿದ್ಯಾಲಯದ ಕ್ರೆಮೆನ್, ಲಿನ್ನರ್ ಮತ್ತು ನೆಲ್ಸನ್ ಸಣ್ಣಕರುಳಿನ ಬಹುಭಾಗವನ್ನು ಬದಿಗಿಟ್ಟು ಆಹಾರ ಹೀರಿಕೆಯನ್ನು ಕಡಿಮೆಮಾಡುವ ಕ್ರಮವನ್ನು ವರದಿ ಮಾಡಿದರು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಚರಿತ್ರೆ ಸಾಮಾನ್ಯವಾಗಿ ಇಲ್ಲಿಂದ ಶುರುವಾಗುತ್ತದೆ. ಅದರ ಪರಿಣಾಮ ಮಾತ್ರ ಹಿತಕರವಾಗಿರಲಿಲ್ಲ. ಭೇದಿ, ಮೂತ್ರಪಿಂಡದ ಕಲ್ಲು, ಕೆಲವರಲ್ಲಿ ಯಕೃತ್ತಿನ ವೈಫಲ್ಯ ಕಾಣಿಸಿಕೊಂಡು ಆ ಕ್ರಮ ಕ್ರಮೇಣ ಕೈಬಿಟ್ಟುಹೋಯಿತು. 1966ರಲ್ಲಿ ಐಯೋವ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಇಟೊ ಜಠರವನ್ನೇ ಚಿಕ್ಕದು ಮಾಡುವ ಬೈಪಾಸ್ ಆರಂಭಿಸಿದರು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ತೂಕ ಕಳೆದುಕೊಳ್ಳುವುದನ್ನು ಮೇಸನ್ ಗಮನಿಸಿದ್ದರು. ಇಂದಿನ ಬೈಪಾಸ್ ಅದರ ಸಂತತಿ.

ಚೀಟಿ ಕೊಟ್ಟರೆ ಸಾಲದು

ಈ ನಡುವೆ 1959ರಲ್ಲಿ ಆಲ್ಬರ್ಟ್ ಸ್ಟಂಕರ್ಡ್ ಮತ್ತು ಮೆಕ್ಲಾರೆನ್-ಹ್ಯೂಮ್ ಒಂದು ಪ್ರಾಮಾಣಿಕ ಲೆಕ್ಕ ತೆಗೆದರು. ನ್ಯೂಯಾರ್ಕಿನ ಆಸ್ಪತ್ರೆಯೊಂದರ ಪೌಷ್ಟಿಕತೆ ವಿಭಾಗಕ್ಕೆ ಬೊಜ್ಜಿಗಾಗಿ ಬಂದ 100 ಮಂದಿಗೆ ರೂಢಿಯಂತೆ ಪಥ್ಯದ ಚೀಟಿ ಕೊಟ್ಟು ಕಳಿಸಲಾಗಿತ್ತು. ಅವರಲ್ಲಿ 12 ಮಂದಿ ಮಾತ್ರ ಒಂಬತ್ತು ಕಿಲೋಗ್ರಾಂ ತೂಕ ಇಳಿಸಿದ್ದರು. ಎರಡು ವರ್ಷಗಳ ನಂತರವೂ ಅದನ್ನು ಉಳಿಸಿಕೊಂಡವರು ಇಬ್ಬರೇ!

ಇದಕ್ಕೆ ರೋಗಿಗಳನ್ನು ದೂರುವುದು ಸುಲಭ. ಆದರೆ 100ರಲ್ಲಿ 98 ಮಂದಿಗೆ ಫಲ ಕೊಡದ ಒಂದು ಔಷಧಿಯಿದ್ದರೆ ನಾವು ರೋಗಿಯನ್ನು ದೂರುತ್ತೇವೆಯೋ, ಔಷಧಿಯನ್ನೋ? 1967ರಲ್ಲಿ ರಿಚರ್ಡ್ ಸ್ಟುವರ್ಟ್ ಬೇರೆ ದಾರಿ ಹಿಡಿದರು. ಏನು, ಎಷ್ಟು, ಎಲ್ಲಿ, ಯಾವ ಮನಸ್ಥಿತಿಯಲ್ಲಿ ತಿಂದೆವೆಂದು ಬರೆದಿಡುವುದು, ತಿನ್ನಲು ಒಂದೇ ಜಾಗ ಗೊತ್ತುಮಾಡಿಕೊಳ್ಳುವುದು, ಮತ್ತೆ ಮತ್ತೆ ಭೇಟಿಯಾಗಿ ಮಾತಾಡುವುದು. ವರ್ಷದ ಕೊನೆಗೆ ಅವರ ಎಂಟು ಮಂದಿಯೂ ಹತ್ತು ಕಿಲೋಗ್ರಾಂಗಿಂತ ಹೆಚ್ಚು ಇಳಿದಿದ್ದರು. ಎಂಟು ಬಹಳ ಚಿಕ್ಕ ಸಂಖ್ಯೆ ಎಂಬುದು ನಿಜ. ಆದರೂ ಆಹಾರದ ದಿನಚರಿ ಬರೆಯಿಸುವ ಇಂದಿನ ರೂಢಿ ಬೆಳೆದದ್ದು ಇಂಥ ಕೆಲಸದಿಂದಲೇ.

ಪ್ರೋಟೀನಿನ ಪಾಠ, ಮೈಸೂರಿನ ಪುಡಿ

1960ರ ದಶಕದಲ್ಲಿ ಪೂರ್ಣ ಉಪವಾಸವೂ ಚಿಕಿತ್ಸೆಯಾಯಿತು. ಸ್ಕಾಟ್ಲೆಂಡಿನ ಒಬ್ಬ ವ್ಯಕ್ತಿ ವೈದ್ಯರ ನಿಗಾದಲ್ಲಿ 382 ದಿನ ಉಪವಾಸವಿದ್ದುದು ವೈದ್ಯಪತ್ರಿಕೆಯಲ್ಲಿ ದಾಖಲಾಗಿದೆ. ಆದರೆ ಅದೇ ದಶಕದಲ್ಲಿ ಇಂಥ ಚಿಕಿತ್ಸೆಯಲ್ಲಿದ್ದ ಕೆಲವರು ಸತ್ತದ್ದೂ ವರದಿಯಾಯಿತು. ಉಪವಾಸದಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಹೃದಯವೂ ಸ್ನಾಯುವೇ ತಾನೆ? 1970ರ ದಶಕದಲ್ಲಿ ಬಾಸ್ಟನ್ನಿನ ಬ್ಲ್ಯಾಕ್‌ಬರ್ನ್ ಮತ್ತು ಬಿಸ್ಟ್ರಿಯನ್ ಕ್ಯಾಲರಿ ಕಡಿಮೆಮಾಡಿ ಒಳ್ಳೆಯ ಪ್ರೋಟೀನನ್ನು ಸಾಕಷ್ಟು ಕೊಟ್ಟರೆ ಸ್ನಾಯುವನ್ನು ಬಹುಮಟ್ಟಿಗೆ ಉಳಿಸಬಹುದು ಎಂಬ ತತ್ತ್ವವನ್ನು ಬೆಳೆಸಿದರು.

ತತ್ತ್ವ ಸರಿಯಿತ್ತು, ಮಾರುಕಟ್ಟೆ ಅದನ್ನು ಕೆಡಿಸಿತು. 1976-77ರಲ್ಲಿ ಅಮೆರಿಕದಲ್ಲಿ 'ದ್ರವ ಪ್ರೋಟೀನ್' ಮಾರಾಟ ಜೋರಾಯಿತು. ಪ್ರಾಣಿಗಳ ಚರ್ಮ, ಮೂಳೆಗಳ ಕೊಲಾಜೆನ್ನಿನಿಂದ ಮಾಡಿದ ಆ ದ್ರವದಲ್ಲಿ ದೇಹಕ್ಕೆ ಅತ್ಯಗತ್ಯವಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವೇ ಇರಲಿಲ್ಲ. ಅದನ್ನು ಕುಡಿದೇ ದಿನ ಕಳೆದವರಲ್ಲಿ ಸುಮಾರು 60 ಸಾವುಗಳು ವರದಿಯಾದವು. ವಿವರವಾಗಿ ಪರಿಶೀಲಿಸಿದ 17 ಸಾವುಗಳಲ್ಲಿ ಹೃದಯದ ಬಡಿತದ ಲಯ ತಪ್ಪಿದ್ದು ಕಂಡುಬಂತು. ಪ್ರೋಟೀನಿನ ಪ್ರಮಾಣವಷ್ಟೇ ಸಾಲದು, ಗುಣಮಟ್ಟವೂ ಬೇಕು. ಪೊಟ್ಯಾಸಿಯಂ ಮುಂತಾದ ಖನಿಜಗಳೂ ಬೇಕು. ವೈದ್ಯರ ನಿಗಾ ಬೇಕೇ ಬೇಕು ಎಂಬುದು ಹೀಗೆ ತಿಳಿಯಿತು.

ಪ್ರೋಟೀನಿನ ಗುಣಮಟ್ಟದ ಪಾಠವನ್ನು ನಮ್ಮ ರಾಜ್ಯದ ಒಂದು ಸಂಸ್ಥೆ ಅದಕ್ಕೂ ಮುಂಚೆ ಬೇರೊಂದು ಕಾರಣಕ್ಕಾಗಿ ಕಲಿತಿತ್ತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಆರಂಭವಾಯಿತು. ಡಾ. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಹಸಿದ ದೇಶಕ್ಕೆ ಅಗ್ಗದ ಪ್ರೋಟೀನ್ ಬೇಕಾಗಿತ್ತು. ಅಲ್ಲಿನ ವಿಜ್ಞಾನಿಗಳು ಎಣ್ಣೆ ತೆಗೆದ ಶೇಂಗಾ ಹಿಟ್ಟು 75 ಭಾಗ, ಕಡಲೆ ಹಿಟ್ಟು 25 ಭಾಗ ಬೆರೆಸಿ, ಜೀವಸತ್ವ ಮತ್ತು ಕ್ಯಾಲ್ಸಿಯಂ ಸೇರಿಸಿ 'ಭಾರತೀಯ ಬಹೂಪಯೋಗಿ ಆಹಾರ' ಎಂಬ ಪುಡಿಯನ್ನು ರೂಪಿಸಿದರು.

ಇದರ ಲೆಕ್ಕವನ್ನು ನಿಮ್ಮ ವಿದ್ಯಾರ್ಥಿಗಳಿಂದಲೇ ಮಾಡಿಸಿ. 100 ಗ್ರಾಂ ಶೇಂಗಾದಲ್ಲಿ ಪ್ರೋಟೀನ್ ಸುಮಾರು 25 ಗ್ರಾಂ, ಶಕ್ತಿ ಸುಮಾರು 550 ಕಿಲೋಕ್ಯಾಲರಿ. ಅಂದರೆ ಒಂದು ಗ್ರಾಂ ಪ್ರೋಟೀನ್ ಪಡೆಯಲು 22 ಕಿಲೋಕ್ಯಾಲರಿ ತಿನ್ನಬೇಕು. ಎಣ್ಣೆ ತೆಗೆದರೆ ಹಿಟ್ಟಿನ ಅರ್ಧದಷ್ಟು ಪ್ರೋಟೀನೇ ಆಗುತ್ತದೆ. ಆಗ ಒಂದು ಗ್ರಾಂ ಪ್ರೋಟೀನಿಗೆ ಸುಮಾರು ಏಳೇ ಕಿಲೋಕ್ಯಾಲರಿ. ಇಂದು ಶಸ್ತ್ರಚಿಕಿತ್ಸೆಗೆ ಮುಂಚೆ ಕೊಡುವ ಪ್ರೋಟೀನ್ ಪುಡಿಯ ಹಿಂದಿರುವುದೂ ಇದೇ ಲೆಕ್ಕ. ಹಾಲಿನ ಅಥವಾ ಸೋಯಾದ ಕೊಬ್ಬು ತೆಗೆದು ಪ್ರೋಟೀನ್ ಉಳಿಸಿ, ಜೀವಸತ್ವ ಮತ್ತು ಖನಿಜ ಸೇರಿಸಿರುತ್ತಾರೆ. ಅಂದು ಹಸಿದವರಿಗಾಗಿ ಹುಟ್ಟಿದ ವಿಜ್ಞಾನ ಇಂದು ಬೊಜ್ಜಿನವರಿಗೂ ಒದಗಿದೆ.

ಬೇಳೆಯಿಂದಲೇ ಈ ಪ್ರೋಟೀನ್ ಪಡೆಯಬಾರದೇ ಎಂದು ನೀವು ಕೇಳಬಹುದು. ಪಥ್ಯದಲ್ಲಿ ಸಾಮಾನ್ಯವಾಗಿ ದಿನಕ್ಕೆ 60 ಗ್ರಾಂ ಅಥವಾ ಹೆಚ್ಚು ಪ್ರೋಟೀನ್ ಬೇಕು. 100 ಗ್ರಾಂ ಒಣ ಬೇಳೆಯಲ್ಲಿರುವುದು ಸುಮಾರು 22 ಗ್ರಾಂ. 60 ಗ್ರಾಂ ಬೇಕಾದರೆ 270 ಗ್ರಾಂ ಬೇಳೆ ತಿನ್ನಬೇಕು. ಅಷ್ಟರಲ್ಲಿ 850 ಕಿಲೋಕ್ಯಾಲರಿ ದಾಟುತ್ತದೆ, ದಿನದ ಮಿತಿ ಮುಗಿಯುತ್ತದೆ. ಆದ್ದರಿಂದಲೇ ಕೆನೆ ತೆಗೆದ ಹಾಲು, ತಿನ್ನುವವರಿಗೆ ಮೊಟ್ಟೆಯ ಬಿಳಿಭಾಗ, ಪುಡಿ ಇವುಗಳ ಆಸರೆ ಬೇಕಾಗುತ್ತದೆ.

ರಂಧ್ರದೊಳಗಿಂದ ಕಂಡ ಯಕೃತ್ತು

ಇಷ್ಟೆಲ್ಲ ಆದರೂ ಶಸ್ತ್ರಚಿಕಿತ್ಸೆಗೆ ಮುಂಚಿನ ಎರಡು ವಾರದ ಪಥ್ಯ ಇನ್ನೂ ರೂಢಿಗೆ ಬಂದಿರಲಿಲ್ಲ. ಅದನ್ನು ತಂದದ್ದು ಶಸ್ತ್ರಚಿಕಿತ್ಸೆಯ ತಂತ್ರದಲ್ಲಾದ ಬದಲಾವಣೆ.

ನಿಮ್ಮ ಅಂಗೈಯನ್ನು ಬಲಗಡೆಯ ಪಕ್ಕೆಲುಬುಗಳ ಕೆಳಅಂಚಿನ ಮೇಲಿಟ್ಟುಕೊಳ್ಳಿ. ಅದರಡಿಯಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಕದ ಯಕೃತ್ತು ಇದೆ. ಅದರ ಎಡ ಹಾಲೆ ಮಧ್ಯರೇಖೆಯನ್ನು ದಾಟಿ, ಅನ್ನನಾಳ ಜಠರವನ್ನು ಸೇರುವ ಜಾಗವನ್ನು ಮುಚ್ಚಿಕೊಂಡಿರುತ್ತದೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಬಹುಮುಖ್ಯ ಕೆಲಸ ನಡೆಯುವುದು ಸರಿಯಾಗಿ ಆ ಜಾಗದಲ್ಲಿ. ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಮಾಡುತ್ತಿದ್ದ ಕಾಲದಲ್ಲಿ ವೈದ್ಯರು ಕೈಯಿಂದಲೇ ಯಕೃತ್ತನ್ನು ಸರಿಸಿ ಹಿಡಿಯಬಹುದಾಗಿತ್ತು. 1994ರಲ್ಲಿ ಅಮೆರಿಕದ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಕೆಲವೇ ಸಣ್ಣ ರಂಧ್ರಗಳ ಮೂಲಕ ಬೈಪಾಸ್ ಮಾಡಿದುದನ್ನು ವರದಿ ಮಾಡಿದರು. ಇದೇ ಲ್ಯಾಪರೋಸ್ಕೋಪಿ. ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸಿ, ಕ್ಯಾಮೆರಾ ಒಳಗಿಳಿಸಿ, ತೆಳುವಾದ ಲೋಹದ ಸಲಾಕೆಯಿಂದ ಯಕೃತ್ತನ್ನು ಎತ್ತಿಹಿಡಿಯುತ್ತಾರೆ. ಗಾಯ ಚಿಕ್ಕದು, ನೋವು ಕಡಿಮೆ, ಚೇತರಿಕೆ ಬೇಗ.

ಆದರೆ ಬೊಜ್ಜಿರುವವರಲ್ಲಿ ಅನೇಕರ ಯಕೃತ್ತಿನಲ್ಲಿ ಕೊಬ್ಬು ತುಂಬಿರುತ್ತದೆ. ಅದು ದೊಡ್ಡದಾಗಿ, ದಪ್ಪ ಅಂಚಿನದಾಗಿ, ಮೆದುವಾಗಿರುತ್ತದೆ. ಸಲಾಕೆ ತಗಲಿದರೆ ಹರಿದು ರಕ್ತ ಒಸರಬಹುದು. ಎತ್ತಿದರೂ ಜಠರದ ಮೇಲ್ಭಾಗ ಕಾಣದಿರಬಹುದು. ಆಗ ಹೊಟ್ಟೆಯನ್ನು ಕೊಯ್ದು ಮುಂದುವರಿಸಬೇಕು, ಇಲ್ಲವೇ ಕೆಲಸ ನಿಲ್ಲಿಸಿ ಹೊರಬರಬೇಕು. ಹೊಸ ಶತಮಾನದ ಆರಂಭದ ವೇಳೆಗೆ ಶಸ್ತ್ರವೈದ್ಯರನ್ನು ಬಹಳವಾಗಿ ಕಾಡಿದ ತೊಡಕುಗಳಲ್ಲಿ ಇದೂ ಒಂದಾಗಿತ್ತು.

2004ರಲ್ಲಿ ನ್ಯೂಜಿಲೆಂಡಿನ ಫ್ರಿಸ್, ಎರಡು ವಾರ ಕಡಿಮೆ ಕ್ಯಾಲರಿಯ ಆಹಾರ ಕೊಟ್ಟರೆ ಯಕೃತ್ತು ಕುಗ್ಗುವುದನ್ನು ಅಲ್ಟ್ರಾಸೌಂಡಿನಿಂದ ತೋರಿಸಿದರು. 2006ರಲ್ಲಿ ಮೆಲ್ಬೋರ್ನಿನ ಕಾಲ್ಸ್ ಮತ್ತು ಸಂಗಡಿಗರು 32 ಮಂದಿಗೆ 12 ವಾರ ಅತಿ ಕಡಿಮೆ ಕ್ಯಾಲರಿಯ ಆಹಾರ ಕೊಟ್ಟು, ಸ್ಕ್ಯಾನ್ ಮಾಡುತ್ತ ಹೋದರು. ಯಕೃತ್ತಿನ ಗಾತ್ರ ಸರಾಸರಿ ಶೇ. 18.7ರಷ್ಟು ಕಡಿಮೆಯಾಯಿತು. ಅದರಲ್ಲಿ ಶೇ. 80ರಷ್ಟು ಇಳಿಕೆ ಮೊದಲ ಎರಡು ವಾರದಲ್ಲೇ ಆಗಿತ್ತು! ಹಾಳೆಯಲ್ಲಿರುವ 14 ದಿನಕ್ಕೆ ಇಂಥ ಅಧ್ಯಯನಗಳೇ ಆಧಾರ.

ಇಷ್ಟು ಬೇಗ ಏಕೆ? ಯಕೃತ್ತು ಸುಮಾರು 100 ಗ್ರಾಂ ಗ್ಲೈಕೊಜನ್ ಎಂಬ ಪಿಷ್ಟವನ್ನು ದಾಸ್ತಾನು ಮಾಡಿರುತ್ತದೆ. ಪ್ರತಿ ಗ್ರಾಂ ಗ್ಲೈಕೊಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಶರ್ಕರಪಿಷ್ಟದ ಸರಬರಾಜು ನಿಂತಾಗ ಮೊದಲು ಈ ದಾಸ್ತಾನು ಮತ್ತು ನೀರು ಖರ್ಚಾಗುತ್ತವೆ. ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ. ಯಕೃತ್ತು ಹೊಸ ಕೊಬ್ಬು ತಯಾರಿಸುವುದನ್ನು ತಗ್ಗಿಸಿ, ಇದ್ದ ಕೊಬ್ಬನ್ನು ಉರಿಸತೊಡಗುತ್ತದೆ. ಮೈಮೇಲಿನ ಬೊಜ್ಜು ಕರಗಲು ತಿಂಗಳುಗಳು ಬೇಕು. ಯಕೃತ್ತಿನ ಕೊಬ್ಬು ದಿನಗಳಲ್ಲಿ ಕರಗುತ್ತದೆ.

ಇದರಿಂದ ರೋಗಿಗೆ ಲಾಭವಾಯಿತೇ? 2011ರಲ್ಲಿ ವಾನ್ ನ್ಯೂವೆನ್‌ಹೋವ್ ಮತ್ತು ಸಂಗಡಿಗರು ಯೂರೋಪಿನ ಹಲವು ಆಸ್ಪತ್ರೆಗಳ 298 ಮಂದಿಯ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಎರಡು ವಾರದ ಪಥ್ಯ, ಇನ್ನೊಂದಕ್ಕೆ ಮಾಮೂಲಿ ಆಹಾರ. ಪಥ್ಯದ ಗುಂಪಿನ ಶಸ್ತ್ರಚಿಕಿತ್ಸೆ ಸುಲಭವೆನಿಸಿತೆಂದು ವೈದ್ಯರು ಹೇಳಿದರು. ಶಸ್ತ್ರಚಿಕಿತ್ಸೆಯ ಅವಧಿಯಲ್ಲಿ ಮಾತ್ರ ಹೇಳುವಂಥ ವ್ಯತ್ಯಾಸವಿರಲಿಲ್ಲ. 30 ದಿನಗಳೊಳಗಿನ ತೊಡಕುಗಳು ಪಥ್ಯದ ಗುಂಪಿನಲ್ಲಿ 8, ಇನ್ನೊಂದರಲ್ಲಿ 18.

ಪರೀಕ್ಷೆಯಲ್ಲ, ಸಿದ್ಧತೆ

ಇಲ್ಲೊಂದು ಗೊಂದಲ ಹುಟ್ಟಿಕೊಂಡಿತು. ಅಮೆರಿಕದ ಕೆಲವು ವಿಮಾ ಕಂಪನಿಗಳು ತಿಂಗಳುಗಟ್ಟಲೆ ಪಥ್ಯ ಮಾಡಿ ತೂಕ ಇಳಿಸಿ ತೋರಿಸಿದವರಿಗೆ ಮಾತ್ರ ಶಸ್ತ್ರಚಿಕಿತ್ಸೆಯ ಹಣ ಕೊಡುತ್ತೇವೆ ಎಂದವು. 2011ರಲ್ಲೂ 2016ರಲ್ಲೂ ಅಲ್ಲಿನ ಬೇರಿಯಾಟ್ರಿಕ್ ಶಸ್ತ್ರವೈದ್ಯರ ಸಂಘ ಇಂಥ ಷರತ್ತಿಗೆ ವೈಜ್ಞಾನಿಕ ಆಧಾರವಿಲ್ಲವೆಂದು ಹೇಳಿತು. ಎರಡು ವಾರದ ಪಥ್ಯ ಯಕೃತ್ತಿನ ಸಿದ್ಧತೆ. ತಿಂಗಳುಗಟ್ಟಲೆ ಪರೀಕ್ಷೆ ರೋಗಿಯ ಅರ್ಹತೆಯ ತೀರ್ಪು. ಎರಡನ್ನೂ ಒಂದೇ ಎಂದು ತಿಳಿದರೆ ಚರಕರ ಕಾಲದ 'ನಿಂದಿತ' ಮತ್ತೆ ಎದುರಿಗೆ ಬಂದು ನಿಲ್ಲುತ್ತಾನೆ.

ನಮ್ಮವರ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಅದೇ ತೂಕದ ಯೂರೋಪಿಯನ್ನರಿಗಿಂತ ಭಾರತೀಯರ ಹೊಟ್ಟೆಯೊಳಗೆ ಕೊಬ್ಬು ಹೆಚ್ಚು. ಆದ್ದರಿಂದ 1991ರ ಅಮೆರಿಕದ ಸೂತ್ರದಲ್ಲಿ ಶಸ್ತ್ರಚಿಕಿತ್ಸೆಗೆ ದೇಹತೂಕ ಸೂಚ್ಯಂಕ 40, ಸಕ್ಕರೆ ಕಾಯಿಲೆಯಂಥ ತೊಂದರೆಯಿದ್ದರೆ 35 ಎಂದಿದ್ದರೆ, 2009ರ ಭಾರತೀಯ ತಜ್ಞರ ಒಮ್ಮತದಲ್ಲಿ ಅದು 37.5 ಮತ್ತು 32.5 ಆಯಿತು. 2022ರ ಅಂತರರಾಷ್ಟ್ರೀಯ ಸೂತ್ರ ಮಿತಿಗಳನ್ನು ಇನ್ನಷ್ಟು ಇಳಿಸಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕ ಮಹಿಳೆಯರಲ್ಲೂ ಪುರುಷರಲ್ಲೂ ಸುಮಾರು ಶೇ. 30 ಮಂದಿಯ ಸೂಚ್ಯಂಕ 25 ಅಥವಾ ಅದಕ್ಕಿಂತ ಹೆಚ್ಚಿತ್ತು. ಅವರಲ್ಲಿ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಆದರೆ ಈ ಪ್ರಶ್ನೆ ಹಳ್ಳಿಯ ಮನೆಗಳಿಗೂ ಬರಲಿದೆ ಎಂಬುದು ಸ್ಪಷ್ಟ.

ನಮ್ಮ ಅಡುಗೆಮನೆಯಲ್ಲಿ

ಈಗ ಚಚಡಿಯ ಆ ಮನೆಗೆ ಮರಳೋಣ. ಪಥ್ಯದ ಹಾಳೆ ಅಲ್ಲಿ ಎಲ್ಲಿ ಮುಗ್ಗರಿಸುತ್ತದೆ?

ಮೊದಲನೆಯದು 'ಉಪವಾಸ' ಎಂಬ ಮಾತು. ನಮ್ಮಲ್ಲಿ ಏಕಾದಶಿ, ಶ್ರಾವಣ ಸೋಮವಾರ, ಶಿವರಾತ್ರಿಗೆ ಉಪವಾಸವಿದ್ದು ಅಭ್ಯಾಸವಿದೆ. ಆದರೆ ಉಪವಾಸದ ದಿನ ತಿನ್ನುವ ಸಾಬೂದಾನಿ ಖಿಚಡಿಯ ಲೆಕ್ಕ ನೋಡಿ. ಸಾಬೂದಾನಿ 50 ಗ್ರಾಂ, ಶೇಂಗಾ 25 ಗ್ರಾಂ, ಎಣ್ಣೆ 10 ಗ್ರಾಂ ಎಂದರೆ ಒಂದು ತಟ್ಟೆಗೆ 400 ಕಿಲೋಕ್ಯಾಲರಿ. ಸಾಬೂದಾನಿಯಲ್ಲಿ ಪ್ರೋಟೀನ್ ಇಲ್ಲವೆಂದರೂ ನಡೆದೀತು. ಅದು ಬರೀ ಪಿಷ್ಟ. ವ್ರತದ ದೃಷ್ಟಿಯಿಂದ ಇದು ಉಪವಾಸ, ಯಕೃತ್ತಿನ ದೃಷ್ಟಿಯಿಂದ ಹಬ್ಬದೂಟ. ಏನೂ ತಿನ್ನದೆ ಇರುವುದೂ ತಪ್ಪು. ಆಗ ಸ್ನಾಯು ಕರಗುತ್ತದೆ. ಆದ್ದರಿಂದ ಇದನ್ನು ಉಪವಾಸ ಎನ್ನದೆ 'ಪಥ್ಯ' ಎಂದೇ ಕರೆಯುವುದು ಒಳ್ಳೆಯದು.

ಎರಡನೆಯದು ಅಳತೆ. ಮೂರು ಜೋಳದ ರೊಟ್ಟಿ 500, ಎಣ್ಣೆಗಾಯಿಯ ಎಣ್ಣೆ 180, ಎರಡು ಚಮಚ ಶೇಂಗಾ ಚಟ್ನಿ 110, ಒಂದು ಬಟ್ಟಲು ಅನ್ನ 140, ಮೊಸರು 60. ಒಟ್ಟು 990 ಕಿಲೋಕ್ಯಾಲರಿ. ಕಷ್ಟಪಟ್ಟು ಹೊಲದಲ್ಲಿ ದುಡಿಯುವವರಿಗೆ ಇದು ಸರಿಯಾದ ಊಟ. ಪಥ್ಯದವರಿಗೆ ಇದೊಂದೇ ಊಟ ದಿನದ ಮಿತಿಯನ್ನು ಮೀರುತ್ತದೆ. ಅಡುಗೆ ಮಾಡುವವರಿಗೆ 'ಎಣ್ಣೆ ಕಡಿಮೆ' ಎಂದರೆ ಸಾಲದು, ಚಮಚ ತೋರಿಸಿ ಹೇಳಬೇಕು. ನೀರು ಮಜ್ಜಿಗೆ, ಮೆಂತ್ಯ ಮತ್ತು ರಾಜಗಿರಿ ಸೊಪ್ಪು, ಸೌತೆಕಾಯಿ, ತಿಳಿಸಾರು ಇವು ಸಾಮಾನ್ಯವಾಗಿ ಹೊಂದುತ್ತವೆ. ಆದರೆ ಅಂತಿಮ ಪಟ್ಟಿ ಆಹಾರತಜ್ಞರದೇ ಆಗಿರಬೇಕು.

ಮೂರನೆಯದು ಔಷಧಿ. ಇದು ಜೀವದ ಪ್ರಶ್ನೆ. ಊಟ ಇಷ್ಟು ಇಳಿದಾಗ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಮೊದಲಿನಷ್ಟೇ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೊಜಿನ್ ಗುಂಪಿನ ಮಾತ್ರೆಗಳಿದ್ದರೆ ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲೀಯವಾಗುವ ಭಯವಿದೆ. ರಕ್ತದೊತ್ತಡದ ಮಾತ್ರೆಗಳನ್ನೂ ಹೊಂದಿಸಬೇಕಾಗಬಹುದು. ಪಥ್ಯ ಶುರುಮಾಡುವ ಮುನ್ನವೇ ಇವೆಲ್ಲವನ್ನೂ ವೈದ್ಯರಲ್ಲಿ ಕೇಳಿ ಬರೆಯಿಸಿಕೊಳ್ಳಬೇಕು. ಪಕ್ಕದ ಮನೆಯವರ ಹಾಳೆ ನೋಡಿ ತಾವೂ ಶುರುಮಾಡುವುದಂತೂ ಕೂಡದು.

ನಾಲ್ಕನೆಯದು ಜನ. ಶ್ರಾವಣದಲ್ಲಿ ಪಥ್ಯ ಬಂದರೆ ಪಂಚಮಿ ಉಂಡಿ ಎದುರಿಗಿರುತ್ತದೆ. "ಒಂದ ಉಂಡಿ ತಿನ್ನ, ಏನೂ ಆಗೂದಿಲ್ಲ" ಎನ್ನುವವರು ಪ್ರೀತಿಯಿಂದಲೇ ಹೇಳುತ್ತಾರೆ. ಮೊದಲ ಮೂರು-ನಾಲ್ಕು ದಿನ ತಲೆನೋವು, ಸುಸ್ತು, ಸಿಡುಕು ಹೆಚ್ಚು. ಆಮೇಲೆ ದೇಹ ಕೊಬ್ಬನ್ನೇ ಇಂಧನ ಮಾಡಿಕೊಂಡು ಕೀಟೋನ್‌ಗಳು ಹೆಚ್ಚಿದಾಗ ಹಸಿವು ತಕ್ಕಮಟ್ಟಿಗೆ ತಣಿಯುತ್ತದೆ. ಈ ಮೊದಲ ದಿನಗಳಲ್ಲಿ ದಿನಕ್ಕೊಂದು ಫೋನು, ಮನೆಯವರೂ ಅದೇ ಹೊತ್ತಿಗೆ ಸರಳ ಊಟ ಮಾಡುವುದು, ಕರಿದ ತಿಂಡಿ ಮನೆಯಲ್ಲಿ ಮಾಡದಿರುವುದು ದೊಡ್ಡ ಆಸರೆ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ರೋಗಿ ಒಂದು ದಿನ ತಪ್ಪಿದರೆ ಏನಾಗುತ್ತದೆ? ಬೈಗುಳದ ಹೆದರಿಕೆಯಿದ್ದರೆ ಅವರು ಅದನ್ನು ಮುಚ್ಚಿಡುತ್ತಾರೆ. ಆಗ ಸತ್ಯ ಹೊರಬರುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ, ಕ್ಯಾಮೆರಾದಲ್ಲಿ ದಪ್ಪ ಯಕೃತ್ತು ಕಂಡಾಗ. ಹೇಳಿಕೊಂಡರೆ ಹಾಳೆಯನ್ನು ತಿದ್ದಬಹುದು, ಬೇಕಾದರೆ ದಿನಾಂಕವನ್ನು ಒಂದು ವಾರ ಮುಂದೂಡಬಹುದು. ನಿಂದೆ ಇಲ್ಲಿ ಬರಿಯ ಅಸಭ್ಯತೆಯಾಗಿ ಉಳಿಯುವುದಿಲ್ಲ. ಅದು ಶಸ್ತ್ರಚಿಕಿತ್ಸೆಯ ಅಪಾಯವನ್ನೇ ಹೆಚ್ಚಿಸುತ್ತದೆ.

ಪಥ್ಯದ ಮುಂದಿನ ಹೆಜ್ಜೆ

ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಸಕ್ಕರೆ ಕಾಯಿಲೆ ಹತೋಟಿಗೆ ಬರುವುದನ್ನು ಕಂಡು ಇಂಗ್ಲೆಂಡಿನ ರಾಯ್ ಟೇಲರ್ ಇದು ಆಹಾರ ಕಡಿಮೆಯಾದುದರ ಫಲವೇ ಇರಬಾರದೇಕೆ ಎಂದು ಕೇಳಿದರು. 2011ರಲ್ಲಿ ಅವರ ತಂಡ 11 ಮಂದಿಗೆ ಎಂಟು ವಾರ ದಿನಕ್ಕೆ ಸುಮಾರು 600 ಕಿಲೋಕ್ಯಾಲರಿ ಕೊಟ್ಟಿತು. ಒಂದೇ ವಾರದಲ್ಲಿ ಬೆಳಗಿನ ಬರಿಹೊಟ್ಟೆಯ ಸಕ್ಕರೆ ಸರಿಹೋಯಿತು, ಯಕೃತ್ತಿನ ಕೊಬ್ಬು ಇಳಿಯಿತು. 2017ರಲ್ಲಿ ಪ್ರಕಟವಾದ 'ಡೈರೆಕ್ಟ್' ಅಧ್ಯಯನದಲ್ಲಿ ಬ್ರಿಟನ್ನಿನ 306 ಮಂದಿ ಭಾಗವಹಿಸಿದ್ದರು. ಊರಿನ ಸಾಮಾನ್ಯ ಚಿಕಿತ್ಸಾಲಯದ ದಾದಿಯರು, ಆಹಾರತಜ್ಞರು ಜೊತೆಗಿದ್ದು ಪಥ್ಯ ನಡೆಸಿದ ಗುಂಪಿನಲ್ಲಿ ಒಂದು ವರ್ಷದ ನಂತರ ಶೇ. 46 ಮಂದಿ ಔಷಧಿಯಿಲ್ಲದೆ ಸಕ್ಕರೆ ಕಾಯಿಲೆಯಿಂದ ಮುಕ್ತರಾಗಿದ್ದರು. ಇನ್ನೊಂದು ಗುಂಪಿನಲ್ಲಿ ಶೇ. 4. ತೀವ್ರ ಬೊಜ್ಜಿಗೆ ಶಸ್ತ್ರಚಿಕಿತ್ಸೆಯ ಅಗತ್ಯ ಇದರಿಂದ ಹೋಗಲಿಲ್ಲ. ಆದರೆ 1959ರಲ್ಲಿ ಚೀಟಿ ಕೊಟ್ಟು ಕಳಿಸಿದ ಪಥ್ಯಕ್ಕೂ, 2017ರಲ್ಲಿ ಜೊತೆಗಿದ್ದು ನಡೆಸಿದ ಪಥ್ಯಕ್ಕೂ ಎಷ್ಟು ವ್ಯತ್ಯಾಸ ನೋಡಿ!

ಇನ್ನು, ಆ ಮನೆಯವರ ಪ್ರಶ್ನೆಗೆ ನೀವು ಏನು ಹೇಳುತ್ತೀರಿ? ಕಪ್ಪುಹಲಗೆಯ ಮೇಲೆ ಮಕ್ಕಳಿಗೆ ಬರೆದು ತೋರಿಸುವ ಪಚನಾಂಗಗಳ ಚಿತ್ರವನ್ನೇ ಒಂದು ಹಾಳೆಯ ಮೇಲೆ ಬರೆಯಿರಿ. ಜಠರದ ಮೇಲೆ ಯಕೃತ್ತಿನ ಎಡ ಹಾಲೆಯನ್ನು ಎರಡು ಸಲ ಗೆರೆಯೆಳೆದು ತೋರಿಸಿ: ಒಮ್ಮೆ ದಪ್ಪಗೆ, ಒಮ್ಮೆ ತೆಳ್ಳಗೆ. "ಡಾಕ್ಟರ ಕೈ ಇಲ್ಲಿ ಹೋಗಬೇಕು. ಅದಕ್ಕ ಜಾಗಾ ಮಾಡಿಕೊಡೂದ ಈ ಹದಿನಾಲ್ಕ ದಿನದ ಕೆಲಸ" ಎಂದು ಹೇಳಿ. ಆಮೇಲೆ ಆ ಅಕ್ಕನ ಜೊತೆಗೆ ಅಡುಗೆ ಮಾಡುವವರನ್ನೂ ಕೂಡ್ರಿಸಿಕೊಂಡು, ನಾಳೆ ಬೆಳಿಗ್ಗೆಯಿಂದ ಏನೇನು ಎಷ್ಟೆಷ್ಟು ಎಂದು ಲೆಕ್ಕ ಬರೆಯಲು ಶುರುಮಾಡಿ.